ಖಾಲಿ ಬಿಡದ ಚೌಕ

ಸಂಜೆ ಐದಕ್ಕೆ ಕಾಳುಮೆಣಸು ಒಣಗಿಸುವ ಕೋಣೆಯ ಬಾಗಿಲು ತೆರೆದಾಗ ಗುಮಾಸ್ತೆ ಗಂಗಾ ಹೊಸ್ತಿಲಲ್ಲೇ ಬಿದ್ದಿದ್ದಳು. ಮೂರು ಗಂಟೆ ಆ ಬಿಸಿಗಾಳಿಯಲ್ಲಿ ಬಾಗಿಲು ಕೆರೆದೂ ಕೆರೆದೂ ಬೆರಳೆಲ್ಲ ರಕ್ತ. ಆಸ್ಪತ್ರೆಗೆ ಸೇರಿಸಿದರೂ ಎಚ್ಚರವಾಗಲಿಲ್ಲ. ಅವಳನ್ನು ಕೂಡಿಹಾಕಿದ ಆರೋಪದಲ್ಲಿ ಕಾವಲುಗಾರ ಬೈರ ಸಿದ್ದಾಪುರದ ಲಾಕಪ್ಪಿಗೆ ಬಿದ್ದ. ಅವಳು ಸತ್ತರೆ ಅವನ ಮೇಲೆ ಕೊಲೆ ಕೇಸು.

ಅಲ್ಲಿಯ ಬೀಗ ವಿದ್ಯುತ್ತಿನದು. ಕಂಪ್ಯೂಟರ್ ಪರದೆಯ 'ಬೀಗ ಹಾಕಬೇಕೇ' ಎಂಬ ಚೌಕದಲ್ಲಿ ಟೈಪ್ ಮಾಡಿದಂತೆ ಬೀಳುತ್ತದೆ, ತೆರೆಯುತ್ತದೆ. ಆ ಪ್ರೋಗ್ರಾಂ ಬರೆದವನು ನಂದನ. ಬಾಗಿಲು ತೆರೆದವನೂ ಅವನೇ.

"ನಿನ್ನೆ ಎರಡು ಗಂಟೆಗೆ 'ಫಾಲ್ಸ್', ಬೇಡ ಅಂತ ದಾಖಲೆಯಿದೆ, ಮೇಡಂ. ಅಂದರೆ ಬೀಗ ಬಿದ್ದಿಲ್ಲ. ಬೈರ ಹೊರಗಿನ ಚಿಲಕ ಹಾಕಿದ್ದ. ನಾನೇ ಸರಿಸಿದೆ."

ಎಸ್‌ಐ ವೇದಾ ಚಿಲಕ ಎಳೆದು ನೋಡಿದಳು. ತುಕ್ಕು ಹಿಡಿದು ಕೂತಿತ್ತು, ಅಲುಗಲಿಲ್ಲ. ಇವನು ಸುಳ್ಳು ಬಿಡುತ್ತಿದ್ದಾನೆ!

ಆದರೆ 'ಫಾಲ್ಸ್' ಟೈಪ್ ಮಾಡಿದರೆ ಬಾಗಿಲು ಸಲೀಸಾಗಿ ತೆರೆಯಿತು. ವೇದಾಗೆ ತಲೆ ಕೆಟ್ಟುಹೋಯಿತು.

* * *

"ದಿನಾ ಹಿಂಗೇ ಟೈಪ್ ಮಾಡ್ತಿದ್ಯಾ?"

ವೇದಾ ಕೇಳಿದಾಗ ಬೈರ ಲಾಕಪ್ಪಿನ ಕಂಬಿ ಹಿಡಿದು ನಿಂತಿದ್ದ. "ಇಲ್ರಮ್ಮ. ಬೀಗ ಬ್ಯಾಡಾಂದ್ರೆ ಚೌಕ ಅಳಿಸಿ ಖಾಲಿ ಬಿಡ್ತಿದ್ದೆ. ನಿನ್ನೆ ಗಂಗಕ್ಕ ಒಳಗೆ ಹೋಗ್ತಾ, ಆಡಿಟ್‌ನವ್ರು ಬತ್ತಾರೆ, ರಿಜಿಸ್ಟರಲ್ಲಿ ಯಾವ ಚೌಕನೂ ಖಾಲಿ ಇರಬಾರ್ದು, ಫಾಲ್ಸ್ ಅಂತ ಹಾಕು ಅಂದ್ಲು. ಹಾಕಿ, ಮೂಟೆ ಹಿಡ್ಕಂಡು ಯಲ್ಲಾಪುರ ಬಸ್ ಹತ್ತಿದೆ." ದನಿ ತಗ್ಗಿಸಿ ಹೇಳಿದ, "ಹಂಗೆ ಹಾಕು ಅಂದಿದ್ದು ಅವ್ಳೇ ಅಂತ ಬರೀಬ್ಯಾಡಿ. ಪಾಪ, ಬದುಕಿ ಬಂದ್ರೆ ಕೆಲ್ಸ ಹೋಗ್ತದೆ."

* * *

ಒಣಗಿಸುವ ಕೋಣೆಯ ಪಕ್ಕದ ಕಚೇರಿಯ ಡ್ರಾಯರಿನಲ್ಲಿ, ನಂದನ ಮೊದಲು ಕೊಟ್ಟಿದ್ದ ಪ್ರೋಗ್ರಾಂನ ಹಳೆಯ ಸಿಡಿ ಸಿಕ್ಕಿತು. ವೇದಾ ಅದನ್ನೇ ಹಾಕಿಸಿದಳು. ತಾನು ಕೋಣೆಯೊಳಗೆ ನಿಂತು, ಪೇದೆಗೆ ಫಾಲ್ಸ್ ಟೈಪ್ ಮಾಡಲು ಹೇಳಿದಳು.

ಬೀಗ ಬಿತ್ತು. ತಳ್ಳಿದಳು. ಕೂಗಿದಳು. ಫ್ಯಾನಿನ ಸದ್ದಿನಲ್ಲಿ ತನ್ನ ದನಿ ತನಗೇ ಕೇಳಿಸಲಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ಹೇಳಿಟ್ಟಂತೆ ಎರಡು ನಿಮಿಷಕ್ಕೆ ಪೇದೆ ಚೌಕ ಅಳಿಸಿದ. ಬಾಗಿಲು ತೆರೆಯಿತು.

ಬೆವರು ಒರೆಸಿಕೊಳ್ಳುತ್ತಾ ಹೊರಬಂದಳು. ಬಾಗಿಲ ಬಳಿ ನಂದನ ನಿಂತಿದ್ದ.

"ನೀನು ಪ್ರೋಗ್ರಾಂ ಬರೆದ ಜಾವಾಸ್ಕ್ರಿಪ್ಟ್ ಭಾಷೆಗೆ ಫಾಲ್ಸ್ ಅನ್ನೋದರ ಅರ್ಥ ಬೇಕಿಲ್ಲ ಅಲ್ವಾ ನಂದನ? ಚೌಕ ಖಾಲಿಯಿದ್ದರೆ 'ಇಲ್ಲ'. ಒಂದಕ್ಷರ ಇದ್ದರೂ 'ಹೌದು', ಬೀಗ ಹಾಕು. ಖಾಲಿ ಬಿಡ್ತಿದ್ದಷ್ಟು ದಿನ ನಿನ್ನ ತಪ್ಪು ಯಾರಿಗೂ ಕಾಣಲಿಲ್ಲ. ನಿನ್ನೆ ಕಂಡಿತು. ಈಗಿರೋ ಫೈಲು ತಿದ್ದಿದ್ದು ನಿನ್ನೆ ಐದೂ ಇಪ್ಪತ್ತಕ್ಕೆ. ನೀನು ಪೊಲೀಸರಿಗೆ ಫೋನ್ ಮಾಡಿದ್ದು ಆರಕ್ಕೆ."

ನಂದನ ಕೈ ಮುಗಿದ. 'ನಾನು, ನನಗೆ' ಹೋಗಿ 'ಆನು, ಯಂಗೆ' ಎಂಬ ಮನೆಮಾತು ಬಾಯಿಗೆ ಬಂತು. "ಅಕ್ಕಾ, ಆನು ಬೇಕಂತ ಮಾಡಿದ್ದಲ್ಲ. ಯಂಗೆ ಹೆದ್ರಿಕೆ ಆತು."

"ತಪ್ಪು ಯಾರಾದರೂ ಮಾಡ್ತಾರೆ. ಅವಳು ಉಸಿರಿಗೆ ಒದ್ದಾಡ್ತಿದ್ದಾಗ ನೀನು ಫೈಲು ತಿದ್ದುತ್ತಾ ಕೂತಿದ್ದೆ. ಮೊದಲು ಆಂಬುಲೆನ್ಸ್ ಕರೀಬೇಕಿತ್ತು!"

* * *

ಲಾಕಪ್ಪು ತೆರೆದಾಗ ಬೈರ ಹೊರಗೆ ಬರಲಿಲ್ಲ.

"ಗಂಗಕ್ಕನ ಮಾತು ಬರದ್ರಾ?"

"ಬರೀಲೇಬೇಕಾಯ್ತು ಬೈರ. ನಿನ್ನ ಬಿಡಿಸಿದ್ದು ಅದೇ."

ಅವನು ಮುಖ ಮುಚ್ಚಿಕೊಂಡು ಅಲ್ಲೇ ಕುಳಿತು ಅತ್ತ.