ಬಾಳವ್ವನ ಎಡಗೈ ನೂಲು

"ಸಾಹೇಬ್ರ, ಆ ನೂಲು ಮುಟ್ಟಬ್ಯಾಡ್ರಿ," ಎಂದ ಪೊಲೀಸ ಗುಲಾಬಸಾಬ, ದನಿ ಇಳಿಸಿ. "ಬಾಳವ್ವ ಮಗನ್ನ ಹೂತ ಕುಣಿ ಮಣ್ಣು ಹಚ್ಚಿ, ಎಡಗೈಲೆ ರಾಟಿ ತಿರುವಿ ನೂತಾಳ. ಅದು ಮಾಟದ ನೂಲ್ರಿ."

ಫೌಜದಾರ ನೀಲಕಂಠಪ್ಪ ಗಹಗಹಿಸಿ ನಕ್ಕ. ಬೆಳಗಾವಿಯಿಂದ ವರ್ಗವಾಗಿ ಬಂದವನಿಗೆ ಗರಗದ ಗಾಳಿ ಇನ್ನೂ ಹೊಸದು. ನಲವತ್ತೆರಡರ ಚಳವಳಿ ಆ ಊರಿನ ಮನೆಮನೆಗೂ ಹೊಕ್ಕಿತ್ತು. ಚಾವಡಿಯ ಮೇಲೆ ಬಾವುಟ ಏರಿಸಿದನೆಂದು ಬಾಳವ್ವನ ಮಗ ಸಿದ್ದಪ್ಪನನ್ನು ಇವನೇ ಠಾಣೆಯಲ್ಲಿ ಹೊಡೆದು ಕೊಂದಿದ್ದ. ಜ್ವರ ಬಂದು ಸತ್ತನೆಂದು ಊರಿಗೆಲ್ಲ ಹೇಳಿದ್ದ. ಈಗ ಖಾದಿ ಜಪ್ತಿಗೆಂದು ಆ ಮುದುಕಿಯ ಮನೆಗೇ ನುಗ್ಗಿದ್ದಾನೆ. ಎದೆಗಾರಿಕೆ ನೋಡಿ!

ಒಳಗೆ ಹಸಿಮಣ್ಣಿನ, ಸುಟ್ಟ ಎಣ್ಣೆಯ ನಾತ. ಕತ್ತಲ ಮೂಲೆಯಲ್ಲಿ ರಾಟೆ ಗುರ್ರೆನ್ನುತ್ತಿತ್ತು. ಬಾಳವ್ವ ತಲೆಯೆತ್ತಲಿಲ್ಲ. ನೀಲಕಂಠಪ್ಪ ನೂಲಿನ ಲಡಿ ಕಿತ್ತುಕೊಂಡು ಹೊಸೆದ. ಅಂಗಳಕ್ಕೆ ಬಂದು, ಮಂದಿಯೆದುರು ಅಂಗಿಯೆತ್ತಿ ಅದನ್ನೇ ಉಡದಾರವಾಗಿ ಸೊಂಟಕ್ಕೆ ಬಿಗಿದ. ಸವೆದಿದ್ದ ಹಳೆಯದನ್ನು ಬಿಚ್ಚಿ ಎಸೆದ.

"ನಿಮ್ಮ ಸ್ವರಾಜ್ಯ ನನ್ನ ನಡದಾಗ ಐತಿ, ನೋಡ್ಕೊಳ್ರೆಪಾ!"

ಮುದುಕಿ ಹೊಸ್ತಿಲಿಗೆ ಬಂದಳು. "ನನ್ನ ಮಗಾ ಹೆಂಗ ಸತ್ತ ಅಂತ ಚಾವಡ್ಯಾಗ ನಿಂತು ಖರೇ ಹೇಳು. ಆಗ ಆ ನೂಲು ನಿನ್ನ ಬಿಡತೈತಿ. ಇಲ್ಲಂದ್ರ ಇಲ್ಲ."

ಸಂಜೆ ಧಾರವಾಡದ ಮನೆ ಮುಟ್ಟುವ ಹೊತ್ತಿಗೆ ದಾರ ಚರ್ಮಕ್ಕೆ ಕಚ್ಚಿತ್ತು. ಗಂಟು ಉಗುರಿಗೆ ಸಿಗಲೊಲ್ಲದು. ದೀಪ ಹಚ್ಚುವಾಗ ಉಸಿರು ಸಿಕ್ಕಿಕೊಳ್ಳತೊಡಗಿತು. ಗರಗ ಎಲ್ಲೋ ದೂರ ಉಳಿದಿತ್ತು, ಆದರೆ ರಾಟೆಯ ಸದ್ದು ಗೋಡೆಯಾಚೆಯೇ ಕೇಳುತ್ತಿತ್ತು. ಅವನು ಕತ್ತರಿಗೆ ಕೈ ಹಾಕಿದ.

ಹೆಂಡತಿ ಗೌರಕ್ಕ ಆ ಕೈ ಹಿಡಿದಳು. ತುಂಬಿದ ಬಸುರಿ. ಅವಳೆಂದರೆ ಅವನಿಗೆ ಜೀವ, ಅದು ಸುಳ್ಳಲ್ಲ.

"ಹರೀಬ್ಯಾಡ್ರಿ! ಹೆಂಡ್ತಿ ಸತ್ತಾಗಷ್ಟ ಗಂಡನ ಉಡದಾರ ಹರೀತಾರ. ನಾ ಇನ್ನೂ ಇದ್ದೇನಲ್ರಿ! ಟಾಂಗಾ ಹೂಡಸ್ರಿ, ಗರಗಕ್ಕ ಹೋಗೂಣು. ಖರೇ ಹೇಳಿಬಿಡ್ರಿ."

ಹೇಳಿದರೆ ನೌಕರಿ ಹೋಯಿತು. ಗೋರಾ ಸಾಹೇಬ ಬಡ್ತಿಯ ಆಸೆ ತೋರಿಸಿದ್ದ, ಅದೂ ಹೋಯಿತು. ಮೇಲೆ ಕೈಕೋಳ ತನಗೇ ಬಿದ್ದರೆ?

"ಹುಚ್ಚೀ, ದಾರ ಕಡದ್ರ ಯಾರರ ಸಾಯತಾರೇನ?"

ಥೂ, ಇವನೂ ಒಬ್ಬ ಗಂಡಸು!

ದಾರ ಬಿಗಿಯಿತು. ರಕ್ತ ಒಸರಿತು. ಉಸಿರಿಲ್ಲ. ಕಣ್ಣು ಕತ್ತಲೆ. ಗುರ್ರ್, ಗುರ್ರ್. ಗೌರಕ್ಕ ಎರಡೂ ಪಾದ ಹಿಡಿದು ಕುಸಿದಳು. ಬ್ಯಾಡ್ರಿ, ಬ್ಯಾಡ್ರಿ. ಅವನು ಕೇಳಲಿಲ್ಲ. ಕತ್ತರಿ ತೂರಿಸಿದ. ಒತ್ತಿದ.

ಕಚ್.

ರಾಟೆ ನಿಂತಿತು. ಎದೆ ತುಂಬ ಗಾಳಿ ಬಂತು. ನೀಲಕಂಠಪ್ಪ ನಗುತ್ತ ದಾರದ ತುಂಡು ಎತ್ತಿ ಹಿಡಿದ.

"ನೋಡಿದ್ಯಾ ಗೌರಾ? ಏನರ ಆತೇನ?"

ಗೌರಕ್ಕ ಅವನ ಪಾದದ ಮೇಲೆ ಹಣೆಯಿಟ್ಟೇ ಇದ್ದಳು. ಎಬ್ಬಿಸಲು ಬಾಗಿ ತಬ್ಬಿ ಹಿಡಿದ. ಮೈ ತಣ್ಣಗಿತ್ತು. ಅವಳ ಹೊಟ್ಟೆಯೊಳಗಿನ ಕೂಸು ಒಂದು ಸಲ ಒದ್ದದ್ದು ಅವನ ಅಂಗೈಗೆ ತಾಗಿತು. ಆಮೇಲೆ ಅದೂ ಸುಮ್ಮನಾಯಿತು.