ನಾಲ್ಕೇ ಸೆಕೆಂಡಿನ ಸಿಂಬಲ್

ಕೇದಾರ ಘಾಟಿನ ಬಾಡಿಗೆ ಮನೆಯಲ್ಲಿ ನಾನು ಡ್ರಮ್ಸ್ ರೆಕಾರ್ಡ್ ಮಾಡುವಾಗ, ಕೊನೆಗೆ ಹೊಡೆದ ಹಿತ್ತಾಳೆಯ ಸಿಂಬಲ್ ತಟ್ಟೆಯ ನಾದ ಪ್ರತಿಸಲವೂ ನಾಲ್ಕೇ ಸೆಕೆಂಡಿಗೆ, ಯಾರೋ ಕೈಯಲ್ಲಿ ಹಿಡಿದಂತೆ, ತಟ್ಟನೆ ನಿಲ್ಲುತ್ತಿತ್ತು. ಮೇ ತಿಂಗಳ ಸೆಕೆಯಲ್ಲೂ ಅದರ ಅಂಚು ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಹೆದರಿ, ಎಲ್ಲವನ್ನೂ ರಿಕ್ಷಾಕ್ಕೆ ಹೇರಿಕೊಂಡು ಇದೇ ಊರಿನ ಲಂಕಾ ಬಡಾವಣೆಯಲ್ಲಿರುವ ಮೈಸೂರಿನ ಈಶನ ಸ್ಟುಡಿಯೋಗೆ ಹೋದೆ. ಅಲ್ಲಿ ನಾದ ತಾನಾಗಿ ಕರಗುವವರೆಗೂ ಮೊಳಗಿತು.

“ನೋಡಿದ್ರಾ ಭೈಯಾ, ಇದೆಲ್ಲ ಮನೇಲಿ ಆಗೋ ಕೆಲಸ ಅಲ್ಲ,” ಎಂದು ಈಶ ಬೀಗಿದ.

ಮನೆಗೆ ತಂದು ಹೊಡೆದರೆ ಇಲ್ಲೂ ಪೂರ್ತಿ ಮೊಳಗಿತು. ಅಂಚು ಬೆಚ್ಚಗಿತ್ತು. ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ.

ಮರುದಿನ ಬೆಳಿಗ್ಗೆ ಈಶನ ಫೋನ್ ಬಂತು. “ಭೈಯಾ, ಸ್ಟುಡಿಯೋದ ಸಿಂಬಲ್ಲೂ ನಾಲ್ಕೇ ಸೆಕೆಂಡಿಗೆ ನಿಂತ್ಹೋಗ್ತಿದೆ. ಏಸಿ ಆಫ್ ಮಾಡಿದ್ರೂ ತಣ್ಣಗೇ ಇದೆ. ನಿಮ್ದೇನಾದ್ರೂ ಇಲ್ಲೇ ಬಿಟ್ಟು ಹೋದ್ರಾ?”

“ಇಲ್ಲಪ್ಪ, ನಂದೇನೂ ಇಲ್ಲ,” ಎನ್ನುತ್ತಲೇ ಎದ್ದು ಬಾಗಿಲ ಚಿಲಕ ಹಾಕಿದೆ.