ಉದ್ದ ಕುತ್ತಿಗೆಯ ಡೈನೋಸಾರ್

ಸೋಮವಾರ, ಜೂನ್ ಹತ್ತು, ಬೆಳಗ್ಗೆ ಏಳೂವರೆ. ಉದ್ಯಾನದ ಉಸ್ತುವಾರಿ ಮಾರುತಿ ಏದುಸಿರು ಬಿಡುತ್ತ ಹಿರಿಯೂರು ಠಾಣೆಗೆ ಬಂದ.

"ಸಾರ್, ಡೈನೋಸಾರ್ ಕುತ್ತಿಗೆ ಯಾರೋ ಕುಯ್ದುಬಿಟ್ಟವ್ರೆ."

ಹೆಡ್ ಕಾನ್‌ಸ್ಟೇಬಲ್ ತಿಪ್ಪಯ್ಯನಿಗೆ ನಗು ಬಂತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಇಂಥ ದೂರು ಕೇಳಿರಲಿಲ್ಲ. ಸಾರ್ವಜನಿಕ ಆಸ್ತಿಗೆ ಹಾನಿ ಅಂತ ಎಫ್‌ಐಆರ್ ಆಯಿತು. ಎಂಟೂ ಹತ್ತಕ್ಕೆ ಇನ್‌ಸ್ಪೆಕ್ಟರ್ ಮೀನಾಕ್ಷಿಯವರ ಜತೆ ಹೊಳೆ ಪಕ್ಕದ ಉದ್ಯಾನಕ್ಕೆ ಹೋದ.

ಆರು ತಿಂಗಳ ಹಿಂದೆ ಕೂರಿಸಿದ ಸಿಮೆಂಟಿನ ಪ್ರಾಣಿಗಳು. ಎಲ್ಲಕ್ಕಿಂತ ದೊಡ್ಡದಕ್ಕೆ ಈಗ ಕುತ್ತಿಗೆಯೇ ಇಲ್ಲ. ಗೇಟಿನ ಬೀಗ ಒಡೆದಿರಲಿಲ್ಲ. ಕಾವಲುಗಾರ ರಂಗಪ್ಪ ಕೈಕಟ್ಟಿ ನಿಂತಿದ್ದ.

"ಎಲ್ಲಿದ್ದೆಲೇ?" ತಿಪ್ಪಯ್ಯ ಗದರಿದ.

"ಇಲ್ಲೇ ಇದ್ದೆ ಸಾ."

"ಇಷ್ಟುದ್ದ ಕುಯ್ದ್ರೂ ಕೇಳಿಸ್ಲಿಲ್ವಾ? ಇದೇನು ಕೋಳಿ ಕುತ್ತಿಗೆನಾ?"

ತಿಪ್ಪಯ್ಯ ಅವನನ್ನು ಎಲ್ಲರೆದುರು ಜೀಪು ಹತ್ತಿಸಿದ. ಅಲ್ಲೇ ಇದ್ದ ಉದ್ಯಾನದ ಗುತ್ತಿಗೆದಾರ, "ನಾಳೆಯಿಂದ ಕೆಲ್ಸಕ್ಕೆ ಬರಬೇಡ," ಅಂದುಬಿಟ್ಟ.

ಪಂಚನಾಮೆ ಬರೆಯುವಾಗ ಮೀನಾಕ್ಷಿ ಬಗ್ಗಿ ನೋಡಿದರು. ಕುಯ್ದ ಕುತ್ತಿಗೆ ಬಿದ್ದು ಒಡೆದಿರಲಿಲ್ಲ. ಯಾರೋ ಚೈನ್ ಪುಲ್ಲಿಯಿಂದ ಮೆಲ್ಲಗೆ ಇಳಿಸಿ, ಹುಲ್ಲಿನ ಹಾಸಿಗೆ ಮೇಲೆ ಮಲಗಿಸಿದ್ದರು. ಮುಖದ ಮೇಲೆ ಹೊಸ ಟವೆಲ್ ಹೊದಿಸಿದ್ದರು.

"ಪುಂಡರು ಟವೆಲ್ ಹೊದಿಸ್ತಾರಾ ತಿಪ್ಪಯ್ಯನವ್ರೆ?"

ಅವನಿಗೆ ಉತ್ತರ ಹೊಳೆದದ್ದು ಮರುದಿನ ಬೆಳಗ್ಗೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ತುರುವನೂರಿನಲ್ಲಿ ಒಂದು ಗುಡಿಯ ಗೋಪುರ ರಿಪೇರಿಗೆ ಕಾವಲಿದ್ದ. ಹಳೇ ಗಾರೆ ಬೊಂಬೆಗಳನ್ನು ಕೆಳಗಿಳಿಸುವಾಗ ಕೆಲಸಗಾರರು ಮುಖಕ್ಕೆ ಹೊಸ ಬಟ್ಟೆ ಮುಚ್ಚಿ, ಹುಲ್ಲಿನ ಮೇಲೆ ಮಲಗಿಸುತ್ತಿದ್ದರು. ಇದು ಆ ಕಸುಬಿನವರ ಕೈ.

ಅಷ್ಟರಲ್ಲಿ ರಂಗಪ್ಪ ಒಂದು ಹಗಲು ಒಂದು ರಾತ್ರಿ ಠಾಣೆಯ ಬೆಂಚಿನ ಮೇಲೆ ಕಳೆದಿದ್ದ. ಮಗಳಿಗೆ ಜ್ವರ ಅಂತ ಕೋಳಿ ಕೂಗೋ ಹೊತ್ತಿಗೆ ಮನೆಗೆ ಹೋಗಿದ್ದನಂತೆ, ಅಷ್ಟೇ. ಅವನನ್ನು ಬಿಟ್ಟು ಕಳಿಸುವಾಗ ತಿಪ್ಪಯ್ಯ ಮುಖ ನೋಡಲಿಲ್ಲ.

"ಈ ಡೈನೋಸಾರ್ ಮಾಡ್ದೋರು ಯಾರಪ್ಪ?" ಅಂತ ಮಾರುತಿಯನ್ನು ಕರೆಸಿ ಕೇಳಿದ.

"ತಾಳ್ಯದ ಮುರುಗಪ್ಪ," ಅಂದ ಮಾರುತಿ. "ಗೋಪುರದ ಕೆಲಸದವ್ರು. ಆವಾಗ ಕೊಟ್ಟ ಗೇಟಿನ ಕೀ ಇನ್ನೂ ಅವ್ರತ್ರಾನೇ ಐತೆ."

ತಾಳ್ಯದಲ್ಲಿ ಹೆಂಡತಿ ಬಸಮ್ಮ ಮಾತ್ರ ಇದ್ದಳು. "ಹೊಸದುರ್ಗಕ್ಕೆ ಹೋದ್ರು ಸಾಮಿ. ಅಲ್ಲೂ ಒಂದು ಉದ್ದ ಕುತ್ತಿಗೇದು ಮಾಡವ್ರೆ. ಮೂರು ದಿನದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ ಅವ್ರಿಗೆ."

ಸಂಜೆ ನಾಲ್ಕೂ ನಲವತ್ತು, ಹೊಸದುರ್ಗದ ಉದ್ಯಾನ. ಡೈನೋಸಾರ್ ಕುತ್ತಿಗೆ ಮೇಲೆ ನಾಲ್ಕು ಹುಡುಗರು ಕೂತು ಜೀಕುತ್ತಿದ್ದರು. ಕೆಳಗೆ ಅರವತ್ತು ದಾಟಿದ ಮುರುಗಪ್ಪ ಹೆಗಲು ಕೊಟ್ಟು, ಎರಡೂ ಕೈಲಿ ಅದನ್ನು ಆನಿಸಿ ನಿಂತಿದ್ದ. ಕುಯ್ಯುವ ಬ್ಲೇಡು ಚೀಲದಲ್ಲೇ ಇತ್ತು.

"ಏನ್ ತಾತಾ, ಎತ್ಕಂಡು ಹೋಗ್ತೀಯಾ?" ಅಂತ ಜನ ನಗುತ್ತಿದ್ದರು.

"ಇಳೀರಪ್ಪ, ಕೈಮುಗೀತೀನಿ, ಇಳೀರಿ," ಅನ್ನುತ್ತಿದ್ದ ಅವನು.

ಪೊಲೀಸರನ್ನು ಕಂಡರೂ ಕದಲಲಿಲ್ಲ. "ಮೊದ್ಲು ಹುಡುಗ್ರನ್ನ ಇಳಿಸ್ರಿ ಸಾಮಿ. ಆಮ್ಯಾಲೆ ಬೇಡಿ ಹಾಕ್ರಿ."

ಇಳಿಸಿದರು. ಐದೂ ಐದಕ್ಕೆ ದಸ್ತಗಿರಿಯಾಯಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಹೇಳಿಕೆ ಕೊಟ್ಟ. ಗೋಪುರದ ಬೊಂಬೆಗೆ ಬೆನ್ನಿಗೆ ಗೋಪುರವೇ ಇರುತ್ತದೆ, ಬೆರಳು ಗಾತ್ರದ ಎರಡು ಕಂಬಿ ಸಾಕು. ನಲವತ್ತು ವರ್ಷದ ಕೈ ಇಲ್ಲೂ ಅಷ್ಟೇ ಹಾಕಿತ್ತು. ಈ ಪ್ರಾಣಿಗೆ ಬೆನ್ನಿಗೆ ಏನೂ ಇಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಹಿರಿಯೂರಿನ ಉದ್ಘಾಟನೆ ದಿನ ಒಂದು ಹುಡುಗಿ ಕುತ್ತಿಗೆ ಏರಿದಾಗ ಒಳಗೆ ಟಕ್ ಅಂದದ್ದು ಅವನೊಬ್ಬನಿಗೇ ಕೇಳಿಸಿತ್ತು.

"ಆವಾಗ್ಲೇ ಯಾಕೆ ಹೇಳ್ಲಿಲ್ಲ?" ಮೀನಾಕ್ಷಿ ಕೇಳಿದರು.

"ಹಾರ ಹಾಕಿದ್ರು ತಾಯಿ. ಚಪ್ಪಾಳೆ ಹೊಡೀತಿದ್ರು. ಬಾಯೇ ಬರ್ಲಿಲ್ಲ. ಆಮ್ಯಾಲೆ ಗುತ್ತಿಗೆದಾರಪ್ಪಂಗೆ ಹೇಳ್ದೆ. ಬಿರುಕಿಗೆ ಬಣ್ಣ ಹೊಡೆಸ್ದ. ಭಾನುವಾರ ಬಂದ್ರೆ ಸಾಕು, ಮನೇಲಿ ಕೂತಿದ್ರೂ ಆ ಸದ್ದು ಕೇಳೋದು. ಈ ಸಲ ತಡ್ಯಾಕಾಗ್ಲಿಲ್ಲ, ಯಾವ ಮಗೂಗೂ ಏನೂ ಆಗೋಕ್ಮುಂಚೆ ನಾನೇ ಕುಯ್ದೆ."

ತಿಪ್ಪಯ್ಯ ಬರೆಯುತ್ತಿದ್ದ. ಮುರುಗಪ್ಪ ಹತ್ತಿರ ಸರಿದ. "ಕಾವಲಿನ ರಂಗಪ್ಪನ ಕೆಲ್ಸ ಹೋಯ್ತಂತೆ. ಅವಂದೇನೂ ತಪ್ಪಿಲ್ಲ, ಎಲ್ಲಾ ನಂದೇ ಅಂತ ಬರ್ಕಳ್ರಿ ಸಾಮಿ."

ತಿಪ್ಪಯ್ಯನ ಪೆನ್ನು ನಿಂತಿತು.

"ಎಲ್ಲಾ ನಿಂದಲ್ಲ ಬಿಡಯ್ಯ," ಅಂದ. "ಅವನನ್ನ ಎಲ್ಲರೆದುರು ಜೀಪು ಹತ್ತಿಸ್ದೋನು ನಾನು."